‘ಎ’ ಮಾದರಿಯ ದಿನವೇ ಊರ ತೀರ್ಪು: ಅಶ್ವಿನಿ ಅಕ್ಕುಂಜಿ ಪ್ರಕರಣದ ಹಿಂದುಮುಂದು

ಶಿರಸಿಯ ಮಾರಿಕಾಂಬಾ ಕ್ರೀಡಾಂಗಣವಿರಲಿ, ಕಾರವಾರದ ಮಾಲಾದೇವಿ ಮೈದಾನವಿರಲಿ, ಅಶ್ವಿನಿ ಅಕ್ಕುಂಜಿ ಹೆಸರು ಬಂದರೆ ಮೂರು ಮಾತು ಒಟ್ಟೊಟ್ಟಿಗೆ ಬರುತ್ತವೆ. ಚಿನ್ನ ಗೆದ್ದವಳು. ಮದ್ದು ತಗಂಡು ಸಿಕ್ಕಿಬಿದ್ಲಡ. ಆ ಪದಕಾನೂ ಕಿತ್ಕಂಡ್ರಡ. ಮೊದಲನೆಯದು ನಿಜ. ಎರಡನೆಯದು ಅರ್ಧ ಕಥೆ. ಮೂರನೆಯದು ಶುದ್ಧ ಸುಳ್ಳು.

ಓಟಗಾರ್ತಿ ಅಶ್ವಿನಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರಲ್ಲ. ಸಿದ್ದಾಪುರದವರು ಎಂದಾಗ ಘಟ್ಟದ ಮೇಲಿನ ಸಿದ್ದಾಪುರ ಎಂದುಕೊಳ್ಳುವವರಿದ್ದಾರೆ. ಅದು ಕುಂದಾಪುರ ಕಡೆಯ ಸಿದ್ದಾಪುರ, ಉಡುಪಿ ಜಿಲ್ಲೆ. ಆದರೂ ಭಟ್ಕಳದಿಂದ ಕಾರವಾರದವರೆಗೆ ಓಡುವ ಹೆಣ್ಣುಮಕ್ಕಳಿಗೆ ಅವರು ಪಕ್ಕದ ಮನೆಯ ಮಾದರಿಯಾಗಿದ್ದರು. 2010ರ ಅಕ್ಟೋಬರ್ 12ರಂದು ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಮಂಜಿತ್ ಕೌರ್, ಸಿನಿ ಜೋಸ್, ಅಶ್ವಿನಿ, ಮನ್‌ದೀಪ್ ಕೌರ್ ಅವರ 4x400 ಮೀಟರ್ ರಿಲೇ ತಂಡ 3 ನಿಮಿಷ 27.77 ಸೆಕೆಂಡಿನಲ್ಲಿ ಗೆದ್ದಿತು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ನಂತರ ಕಾಮನ್‌ವೆಲ್ತ್ ಕೂಟದ ಟ್ರ್ಯಾಕ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಅಶ್ವಿನಿಗೆ ಮತ್ತೆರಡು ಚಿನ್ನ: ರಿಲೇಯಲ್ಲಿ ಒಂದು, 400 ಮೀಟರ್ ಹರ್ಡಲ್ಸ್‌ನಲ್ಲಿ 56.15 ಸೆಕೆಂಡಿನ ಓಟಕ್ಕೆ ಇನ್ನೊಂದು.

ಎಂಟು ತಿಂಗಳೂ ಕಳೆದಿರಲಿಲ್ಲ. 2011ರ ಜೂನ್ ಕೊನೆಗೆ, ಜುಲೈ ಮೊದಲ ವಾರದಲ್ಲಿ ಒಂದರ ಹಿಂದೊಂದು ಹೆಸರು ಹೊರಬಿತ್ತು. ಮನ್‌ದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್, ಅಶ್ವಿನಿ: ಆರು ಮಂದಿಯ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೀರಾಯ್ಡ್, ಅಂದರೆ ಸ್ನಾಯು ಬಲಿಸುವ ಮದ್ದು. ಈ ಪ್ರಕರಣದ ಕಡತದಲ್ಲಿ ಬರುವುದು ಎರಡು ವಸ್ತು, ಮೆಥಾಂಡಿಯೆನೋನ್ ಮತ್ತು ಸ್ಟಾನೊಜೊಲೋಲ್. ಎರಡನೆಯದರ ಹೆಸರು ಕೇಳಿದವರು ಹಲವರಿರಬಹುದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದ ಬೆನ್ ಜಾನ್ಸನ್ ಮೂರೇ ದಿನಕ್ಕೆ ಪದಕ ಕಳೆದುಕೊಂಡದ್ದು ಅದರಿಂದಲೇ. ತಂಡದ ಉಕ್ರೇನ್ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಕ್ರೀಡಾ ಸಚಿವಾಲಯ ಕೂಡಲೇ ವಜಾ ಮಾಡಿತು, ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಗೆ ತನಿಖೆ ವಹಿಸಿತು. ವಿಚಾರಣೆ ಮುಗಿಯುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಟೀವಿಯಲ್ಲಿ, ಕಟ್ಟೆಯಲ್ಲಿ, ಬಸ್ಸಿನಲ್ಲಿ ತೀರ್ಪು ಮಾತ್ರ ಆಗಲೇ ಬಂದಿತ್ತು.

ಆ ಹೊತ್ತಿಗೆ ಖಚಿತವಾಗಿ ಗೊತ್ತಿದ್ದದ್ದು ಎಷ್ಟು ಎಂಬುದಕ್ಕೆ ಪರೀಕ್ಷೆ ನಡೆಯುವ ಬಗೆಯನ್ನು ನೋಡಬೇಕು. ಓಟ ಮುಗಿಸಿದವರನ್ನೋ ಶಿಬಿರದಲ್ಲಿರುವವರನ್ನೋ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ ಸಿಬ್ಬಂದಿ ಬಂದು ಗುರುತಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಕ್ರೀಡಾಪಟು ಅವರ ಕಣ್ಣಳತೆಯಲ್ಲೇ ಇರಬೇಕು. ಮೂತ್ರ ಕೊಡುವಾಗ ಅದೇ ಲಿಂಗದ ಒಬ್ಬರು ಎದುರಿಗೇ ನಿಂತಿರುತ್ತಾರೆ. ಕನಿಷ್ಠ 90 ಮಿಲಿಲೀಟರ್ ಬೇಕು: 60 ‘ಎ’ ಬಾಟಲಿಗೆ, 30 ‘ಬಿ’ ಬಾಟಲಿಗೆ. ಕಿಟ್ ಆರಿಸುವುದು, ಸುರಿಯುವುದು, ಮುಚ್ಚಳ ಬಿಗಿಯುವುದು ಎಲ್ಲ ಕ್ರೀಡಾಪಟುವೇ. ಒಮ್ಮೆ ಬಿಗಿದ ಮುಚ್ಚಳ ಪ್ರಯೋಗಾಲಯದಲ್ಲಿ ಒಡೆದರಷ್ಟೇ ತೆರೆಯುತ್ತದೆ. ಪಾತ್ರೆಯಲ್ಲಿ ಉಳಿದ ಹನಿಯಲ್ಲಿ ಸಾಂದ್ರತೆ ನೋಡುತ್ತಾರೆ. ನೀರು ಜಾಸ್ತಿ ಕುಡಿದು ತೆಳುವಾಗಿದ್ದರೆ ಮತ್ತೆ ಕಾಯಬೇಕು. ಹೀಗಾಗಿ ಪರೀಕ್ಷೆಗೆ ಕರೆದಾಗ ಬಾಟಲಿಗಟ್ಟಲೆ ನೀರು ಸುರಿದುಕೊಂಡವರು ರಾತ್ರಿಯವರೆಗೂ ಅಲ್ಲೇ ಕೂರುವುದುಂಟು. ಕೊನೆಗೆ ನಮೂನೆಯಲ್ಲಿ ಹಿಂದಿನ ಏಳು ದಿನ ತೆಗೆದುಕೊಂಡ ಔಷಧಿ, ಪುಡಿ, ಮಾತ್ರೆ ಎಲ್ಲ ಬರೆಯಬೇಕು. ಪ್ರಯೋಗಾಲಯಕ್ಕೆ ಹೋಗುವುದು ಸಂಕೇತ ಸಂಖ್ಯೆ ಮಾತ್ರ, ಹೆಸರಲ್ಲ.

ಮೊದಲು ತೆರೆಯುವುದು ‘ಎ’ ಬಾಟಲಿ. ಅದರಲ್ಲಿ ನಿಷೇಧಿತ ವಸ್ತು ಕಂಡರೆ ಕ್ರೀಡಾಪಟುವಿಗೆ ತಿಳಿಸುತ್ತಾರೆ. ಸ್ಟೀರಾಯ್ಡ್‌ನಂಥ ವಸ್ತುವಾದರೆ ತಾತ್ಕಾಲಿಕ ಅಮಾನತು ಕಡ್ಡಾಯ. ‘ಬಿ’ ತೆರೆಯಿರಿ ಎಂದು ಕೇಳುವ, ತೆರೆಯುವಾಗ ತಾನೋ ತನ್ನ ಕಡೆಯವರೋ ಹಾಜರಿರುವ ಹಕ್ಕು ಕ್ರೀಡಾಪಟುವಿಗಿದೆ. ‘ಬಿ’ಯಲ್ಲಿ ಆ ವಸ್ತು ಸಿಗದಿದ್ದರೆ ಆ ಪರೀಕ್ಷೆಯ ಮೇಲಿನ ಪ್ರಕರಣ ಅಲ್ಲಿಗೆ ಬಿತ್ತು. ಎರಡೂ ತಾಳೆಯಾದರೂ ಸಿದ್ಧವಾಗುವುದು ಒಂದೇ ಸಂಗತಿ: ವಸ್ತು ದೇಹದೊಳಗಿತ್ತು. ಹೇಗೆ ಹೋಯಿತು, ಗೊತ್ತಿದ್ದು ಹೋಯಿತೇ ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ.

ಇಲ್ಲೇ ನಿಯಮಕ್ಕೂ ಜನರ ತಿಳಿವಳಿಕೆಗೂ ದಾರಿ ಬೇರೆಯಾಗುತ್ತದೆ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಹುಟ್ಟಿದ್ದು 1999ರಲ್ಲಿ. ಎಲ್ಲ ಕ್ರೀಡೆಗೂ ಒಂದೇ ಎನ್ನುವ ಅದರ ಸಂಹಿತೆ ಜಾರಿಗೆ ಬಂದದ್ದು 2004ರಲ್ಲಿ. ದೇಹದಲ್ಲಿ ಏನು ಸಿಕ್ಕರೂ ಹೊಣೆ ಕ್ರೀಡಾಪಟುವಿನದೇ ಎಂಬುದು ಅದರ ಬೇರು. ಉದ್ದೇಶ ಸಾಬೀತು ಮಾಡುತ್ತ ಕೂತರೆ ಒಬ್ಬರಿಗೂ ಶಿಕ್ಷೆಯಾಗದು ಎಂಬ ಲೆಕ್ಕದಿಂದ ಹೀಗೆ ಮಾಡಿದ್ದಾರೆ, ಲೆಕ್ಕ ತಪ್ಪೇನಲ್ಲ. ಉದ್ದೇಶದ, ಅಜಾಗರೂಕತೆಯ ಪ್ರಶ್ನೆ ಬರುವುದು ಶಿಕ್ಷೆ ಎಷ್ಟು ಎನ್ನುವಾಗ. ಅಷ್ಟು ಹೊತ್ತಿಗೆ ಓದುಗರು ಪುಟ ತಿರುವಿ ಮುಂದೆ ಹೋಗಿರುತ್ತಾರೆ.

ಆರು ಓಟಗಾರ್ತಿಯರ ವಾದ ಸರಳವಾಗಿತ್ತು. ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಔಷಧಿ ತೆಗೆದುಕೊಂಡೆವು, ಮದ್ದು ಬೆರೆತದ್ದು ಅದರಲ್ಲಿ. 2011ರ ಡಿಸೆಂಬರ್‌ನಲ್ಲಿ ನಾಡಾದ ಶಿಸ್ತು ಸಮಿತಿ ಈ ವಾದ ಒಪ್ಪಿತು. ಅಂದಿನ ಸಂಹಿತೆಯಲ್ಲಿ ಮೊದಲ ತಪ್ಪಿಗೆ ಎರಡು ವರ್ಷ. ದೊಡ್ಡ ತಪ್ಪಿಲ್ಲ ಎಂದು ತೋರಿಸಿದರೆ ಅರ್ಧದವರೆಗೆ ಇಳಿಸಬಹುದಿತ್ತು. ಸಮಿತಿ ಒಂದು ವರ್ಷಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಒಪ್ಪದೆ ಲೌಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರಲ್ಲಿ ಮಂಡಳಿ ಶಿಕ್ಷೆಯನ್ನು ಪೂರ್ತಿ ಎರಡು ವರ್ಷಕ್ಕೆ ಏರಿಸಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಏರಿಸಿದ ಕಾರಣವನ್ನು ಗಮನಿಸಬೇಕು. ಇವರು ಸಂಚು ಮಾಡಿ ಮದ್ದು ತಿಂದರು ಎಂದು ಮಂಡಳಿ ಹೇಳಲಿಲ್ಲ. ಲೇಬಲ್ ನೋಡದೆ, ವೈದ್ಯರನ್ನು ಕೇಳದೆ, ಕೋಚ್ ಕೊಟ್ಟರೆಂದು ನುಂಗಿದ್ದು ಅಂತರರಾಷ್ಟ್ರೀಯ ಮಟ್ಟದ ಓಟಗಾರರಿಗೆ ಸಣ್ಣ ತಪ್ಪಲ್ಲ ಎಂದಿತು. ಊರ ಬಾಯಲ್ಲಿ ಇದು ‘ಮೇಲಿನ ಕೋರ್ಟೂ ಕಳ್ಳಿ ಅಂತಂತು’ ಎಂದಾಯಿತು.

ಪದಕದ ಮಾತು. ಮಾದರಿ ಕೊಟ್ಟ ದಿನದಿಂದ ಮುಂದಿನ ಫಲಿತಾಂಶಗಳು ಮಾತ್ರ ರದ್ದಾಗುತ್ತವೆ. ಪರೀಕ್ಷೆಗಳು 2011ರವು, ಪದಕಗಳು 2010ರವು. ದೆಹಲಿಯ ಚಿನ್ನವೂ ಗುವಾಂಗ್‌ಝೌನ ಚಿನ್ನಗಳೂ ದಾಖಲೆಯಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಇವೆ. ನಿಷೇಧ ಮುಗಿಸಿ ಅಶ್ವಿನಿ ಟ್ರ್ಯಾಕ್‌ಗೆ ಮರಳಿದರು. 2014ರ ಇಂಚಿಯೋನ್ ಏಷ್ಯನ್ ಕೂಟದಲ್ಲಿ ರಿಲೇ ಚಿನ್ನ ಗೆದ್ದ ನಾಲ್ವರಲ್ಲಿ ಮನ್‌ದೀಪ್, ಪ್ರಿಯಾಂಕಾ ಇಬ್ಬರೂ ಇದ್ದರು. ಪ್ರಿಯಾಂಕಾ ಅವರದು ಮಾತ್ರ ಬೇರೆ ದಾರಿ ಹಿಡಿಯಿತು: 2016ರಲ್ಲಿ ಮೆಫೆಂಟರ್ಮಿನ್‌ಗೆ ಮತ್ತೆ ಸಿಕ್ಕಿ ಎಂಟು ವರ್ಷದ ನಿಷೇಧ. ಎರಡನೇ ಸಲದ್ದನ್ನು ಮೊದಲ ಸಲದ್ದರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆರು ಜನರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿಂದ ಅದೇ ಆಗುತ್ತಿದೆ.

ಆರೋಪಕ್ಕೆ ಇರುವ ಸದ್ದು ಬಿಡುಗಡೆಗೆ ಯಾಕಿಲ್ಲ ಎಂದರೆ ಪತ್ರಕರ್ತರನ್ನಷ್ಟೇ ದೂರಿ ಪ್ರಯೋಜನವಿಲ್ಲ, ನಿಯಮವೇ ಹಾಗಿದೆ. ತಪ್ಪು ಸಾಬೀತಾಗಿ ಅಂತಿಮ ತೀರ್ಪು ಬಂದರೆ 20 ದಿನದೊಳಗೆ ಅದನ್ನು ಪ್ರಕಟಿಸಲೇಬೇಕು. ತಪ್ಪಿಲ್ಲ ಎಂದಾದರೆ ತೀರ್ಪಿನ ವಿವರ ಪ್ರಕಟಿಸಲು ಕ್ರೀಡಾಪಟುವಿನ ಒಪ್ಪಿಗೆ ಬೇಕು. ಖಾಸಗಿತನ ಕಾಯಲೆಂದು ಮಾಡಿದ ಸಾಲು ಇದು. ಹೆಸರು ಮೊದಲೇ ಸೋರಿದ್ದರೆ ಅದೇ ತಿರುಗಿ ಹೊಡೆಯುತ್ತದೆ. ಹಾಗಾಗಿ ನಿರ್ದೋಷಿ ಎಂದು ಬಂದವರು ಮೊದಲು ಮಾಡಬೇಕಾದ್ದು ಆ ಒಪ್ಪಿಗೆಯನ್ನು ಲಿಖಿತವಾಗಿ ಕೊಟ್ಟು ತೀರ್ಪನ್ನು ಹೊರಗೆ ಬರುವಂತೆ ಮಾಡುವುದು.

ಹೆಸರು ಪೂರ್ತಿ ತೊಳೆದು ಬಂದ ಉದಾಹರಣೆ ಇಲ್ಲದಿಲ್ಲ. 2002ರ ಬೂಸಾನ್ ಏಷ್ಯನ್ ಕೂಟದಲ್ಲಿ 1500 ಮೀಟರ್ ಚಿನ್ನ, 5000 ಮೀಟರ್ ಕಂಚು ಗೆದ್ದ ಸುನೀತಾ ರಾಣಿ ನ್ಯಾಂಡ್ರೊಲೋನ್ ಹೆಸರಲ್ಲಿ ಎರಡೂ ಪದಕ ಕಳೆದುಕೊಂಡರು. ಪ್ರಯೋಗಾಲಯದ ಕೆಲಸದಲ್ಲಿ ಲೋಪ ಕಂಡುಬಂದು ಕೆಲವೇ ತಿಂಗಳಲ್ಲಿ ಪದಕಗಳು ವಾಪಸಾದವು. ಬಾಯಿ ಮೊದಲು ಬಿಟ್ಟು ಸಿಕ್ಕಿಕೊಂಡದ್ದಕ್ಕೆ ಕುಸ್ತಿಪಟು ನರಸಿಂಗ್ ಯಾದವ್ ಪ್ರಕರಣವಿದೆ. 2016ರಲ್ಲಿ ಮೆಥಾಂಡಿಯೆನೋನ್‌ಗೆ ಸಿಕ್ಕಾಗ, ಆಗದವರು ಆಹಾರದಲ್ಲಿ ಬೆರೆಸಿದರು ಎಂದರು. ನಾಡಾ ನಂಬಿ ಬಿಟ್ಟಿತು. ರಿಯೋದಲ್ಲಿ ಕಣಕ್ಕಿಳಿಯುವ ಮುನ್ನ ಕ್ರೀಡಾ ನ್ಯಾಯಮಂಡಳಿ ಪುರಾವೆ ಸಾಲದೆಂದು ನಾಲ್ಕು ವರ್ಷ ನಿಷೇಧಿಸಿತು. ಹಳಿಯಾಳದ ಗರಡಿಗಳಲ್ಲಿ ಈಗಲೂ ಇದರ ಬಗ್ಗೆ ಎರಡು ಪಂಗಡವಿದೆ ಎಂದರೆ ಆಶ್ಚರ್ಯವಿಲ್ಲ. ಯಾವ ಮೂಲದಿಂದ ಬಂತೆಂದು ಗೊತ್ತಾಗುವ ಮೊದಲೇ ಮೈಕಿನ ಮುಂದೆ ಕಾರಣ ಹೇಳಿಬಿಟ್ಟರೆ ವಿಚಾರಣೆಯಲ್ಲಿ ಅದಕ್ಕೇ ಜೋತುಬೀಳಬೇಕಾಗುತ್ತದೆ.

ಅಶ್ವಿನಿ ಪ್ರಕರಣದ ನಿಜವಾದ ಪಾಠ ಕೋಚ್ ಕೈಯಿಂದ ಪಡೆದದ್ದರ ಬಗೆಗಿನದು, ನಮ್ಮ ಜಿಲ್ಲೆಗೆ ಅದು ಹೆಚ್ಚು ತಾಗುತ್ತದೆ. ಇಲ್ಲಿಂದ ಮುಂದೆ ಹೋಗುವ ಮಕ್ಕಳು ಮೂಡುಬಿದಿರೆ, ಧಾರವಾಡ, ಬೆಂಗಳೂರಿನ ಹಾಸ್ಟೆಲ್ ಸೇರುತ್ತಾರೆ. 1987ರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿಕೊಂಡ ಕಾಲದಿಂದಲೂ ಇದೇ ವ್ಯವಸ್ಥೆ. ಊಟ, ಮಾತ್ರೆ, ನಿದ್ದೆ ಎಲ್ಲ ಸರ್ ಹೇಳಿದ ಹಾಗೆ. ‘ಸರ್, ಇದರಲ್ಲಿ ಏನಿದೆ?’ ಎಂದು ಹದಿನಾರರ ಹುಡುಗಿ ಕೇಳುವುದು ಉದ್ಧಟತನ ಎನಿಸುವ ವಾತಾವರಣದಲ್ಲಿ ನ್ಯಾಯಮಂಡಳಿ ಬಯಸುವ ಜಾಗರೂಕತೆ ಬರುವುದು ಕಷ್ಟ. ಸಂಹಿತೆಗೆ ಮಾತ್ರ ಈ ಕಷ್ಟ ಗೊತ್ತಿಲ್ಲ. ವಾಡಾದ 2023ರ ಅಂಕಿಅಂಶದಲ್ಲಿ ಭಾರತದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು, ಶೇಕಡಾ 3.8. ಅದರಲ್ಲಿ ಬೇಕೆಂದೇ ತಿಂದವರೂ ಇದ್ದಾರೆ, ಕೆಮ್ಮಿಗೆ ಕುಡಿದವರೂ ಇರಬಹುದು.

ಕೆಮ್ಮಿನ ಮಾತು ತಮಾಷೆಯಲ್ಲ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾಗೆ ಎಂಟು ತಿಂಗಳ ನಿಷೇಧವಾದದ್ದು ಟರ್ಬುಟಲೀನ್‌ನಿಂದ; ಕೆಮ್ಮಿನ ಸಿರಪ್‌ನಲ್ಲಿತ್ತು. ಆಷಾಢದ ಮಳೆಯಲ್ಲಿ ಶಿರಸಿ, ಸಿದ್ದಾಪುರದ ಯಾವ ಮೆಡಿಕಲ್ ಶಾಪಿನಲ್ಲಿ ಕೇಳಿದರೂ ಆ ಬಗೆಯ ಸಿರಪ್ ಸಿಗುತ್ತದೆ. ಬಾಟಲಿಯ ದೊಡ್ಡ ಹೆಸರನ್ನಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಘಟಕಗಳನ್ನು ಓದಬೇಕು. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬುಟಮಾಲ್‌ಗೆ ಮಿತಿಯಿದೆ: ದಿನಕ್ಕೆ 1600 ಮೈಕ್ರೋಗ್ರಾಂ, ಯಾವುದೇ ಎಂಟು ಗಂಟೆಯಲ್ಲಿ 600 ಮೀರಬಾರದು. ಸಾಮಾನ್ಯ ಇನ್‌ಹೇಲರ್‌ನ ಒಂದು ಒತ್ತು 100 ಮೈಕ್ರೋಗ್ರಾಂ, ಅಂದರೆ ಎಂಟು ಗಂಟೆಗೆ ಆರು ಒತ್ತು. ಅದೇ ಔಷಧಿ ಮಾತ್ರೆಯ ಅಥವಾ ಸಿರಪ್‌ನ ರೂಪದಲ್ಲಿ ಪೂರ್ತಿ ನಿಷಿದ್ಧ. ಟರ್ಬುಟಲೀನ್ ಬೇಕೇಬೇಕೆಂದರೆ ವೈದ್ಯರ ದಾಖಲೆಯೊಂದಿಗೆ ಚಿಕಿತ್ಸಾ ವಿನಾಯಿತಿಗೆ ಸ್ಪರ್ಧೆಗೆ 30 ದಿನ ಮೊದಲೇ ಅರ್ಜಿ ಹಾಕಬೇಕು. ಆಮೇಲೆ ಚೀಟಿ ತೋರಿಸಿದರೆ ನಡೆಯುವುದಿಲ್ಲ.

ಪುಡಿ ಡಬ್ಬಗಳದ್ದು ಇನ್ನೂ ಕಷ್ಟ. ಲೇಬಲ್‌ನಲ್ಲಿ ಇಲ್ಲದ್ದು ಒಳಗಿರುವುದೇ ಅಲ್ಲಿನ ಸಮಸ್ಯೆ. ಒಂದೇ ಕಾರ್ಖಾನೆಯ ಯಂತ್ರದಲ್ಲಿ ಸ್ಟೀರಾಯ್ಡ್ ಅರೆದ ಮೇಲೆ ಪ್ರೋಟೀನ್ ಅರೆದರೂ ಸಾಕು, ಈಗಿನ ಯಂತ್ರಗಳು ಅಷ್ಟನ್ನೂ ಹಿಡಿಯುತ್ತವೆ. 2015ರಿಂದ ಸ್ಟೀರಾಯ್ಡ್‌ಗೆ ಮೂಲ ಶಿಕ್ಷೆ ನಾಲ್ಕು ವರ್ಷ. ಕಲಬೆರಕೆ ಉತ್ಪನ್ನ ಎಂದು ರುಜುವಾತು ಮಾಡಿ, ದೊಡ್ಡ ತಪ್ಪಿಲ್ಲ ಎಂದೂ ತೋರಿಸಿದರೆ ಬರೀ ಎಚ್ಚರಿಕೆಯಿಂದ ಎರಡು ವರ್ಷದವರೆಗೆ ಇಳಿಯಬಹುದು. ರುಜುವಾತಿಗೆ ಬೇಕಾದ್ದು ಹೆಚ್ಚೇನಲ್ಲ, ಆದರೆ ಮೊದಲೇ ಇಟ್ಟುಕೊಂಡಿರಬೇಕು. ಅಂಗಡಿಯ ಬಿಲ್ಲು. ಡಬ್ಬದ ಬ್ಯಾಚ್ ನಂಬರ್ ಕಾಣುವ ಫೋಟೋ. ಖಾಲಿಯಾಗುವ ಮುನ್ನ ತಳದಲ್ಲಿ ಉಳಿಸಿದ ನಾಲ್ಕು ಚಮಚ. ಆದರೆ ತೆರೆದ ಡಬ್ಬಕ್ಕೆ ಯಾರು ಏನು ಬೇಕಾದರೂ ಬೆರೆಸಿರಬಹುದು ಎಂದು ಎದುರಿನ ವಕೀಲರು ಹೇಳಿಯೇ ಹೇಳುತ್ತಾರೆ. ಹಾಗಾಗಿ ಎರಡು ಡಬ್ಬ ಕೊಳ್ಳುವಾಗ ಒಂದೇ ಬ್ಯಾಚಿನದು ನೋಡಿ ಕೊಂಡು, ಒಂದನ್ನು ಸೀಲ್ ಒಡೆಯದೆ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಮತ್ತು ಪರೀಕ್ಷೆಯ ದಿನ ನಮೂನೆಯ ಏಳು ದಿನದ ಪಟ್ಟಿಯಲ್ಲಿ ಆ ಪುಡಿಯ ಹೆಸರು ಇರಬೇಕು. ಅಲ್ಲಿ ಬರೆಯದೆ ವರದಿ ಬಂದ ಮೇಲೆ ಡಬ್ಬ ತಂದವರ ಮಾತಿಗೆ ಸಮಿತಿಯಲ್ಲಿ ತೂಕ ಕಡಿಮೆ.