ಮರಳನ್ನು ಹಿಡಿದ ಗೋಧಿಹುಲ್ಲು

ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಗಾಳಿಯ ಕೆಲಸ ಗೊತ್ತು: ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಮರುಭೂಮಿಯಲ್ಲೂ ಮರಳು ಮತ್ತು ಧೂಳು ಹೀಗೆಯೇ ಬೇರ್ಪಡುತ್ತವೆ. ಗಾಳಿಗೆ ಎದ್ದ ಮರಳಿನ ಕಣಗಳಲ್ಲಿ ಬಹುಪಾಲು ಮೊಣಕಾಲೆತ್ತರವನ್ನೂ ಮೀರದೆ ಕುಪ್ಪಳಿಸುತ್ತಾ ಸಾಗುತ್ತವೆ. ಬಿದ್ದಲ್ಲೆಲ್ಲ ಇನ್ನಷ್ಟು ಕಣಗಳನ್ನು ಸಿಡಿಸುತ್ತವೆ. ಒಂದಕ್ಕೊಂದು ಅಂಟಿ ಕೂತಿರುವ ನುಣ್ಣನೆಯ ಧೂಳನ್ನು ಬಿಡಿಸಿ ಆಕಾಶಕ್ಕೇರಿಸುವುದು ಬಹುಮಟ್ಟಿಗೆ ಈ ಹೊಡೆತವೇ. ಆದ್ದರಿಂದ ನೂರಾರು ಮೈಲಿ ಆಚೆಯ ಊರಿನವರ ಉಸಿರು ಕಟ್ಟಿಸುವ ಧೂಳನ್ನು ತಡೆಯಬೇಕಾದರೂ ಮೊದಲು ನಿಲ್ಲಿಸಬೇಕಾದದ್ದು ನೆಲಮಟ್ಟದ ಈ ಕುಣಿತವನ್ನು.

ಚೀನಾದ ನಿಂಗ್‌ಶಿಯಾ ಪ್ರದೇಶದ ಶಾಪೊತೊದಲ್ಲಿ ಇದನ್ನು ಸಾಧಿಸಿದ್ದಾರೆ. ಟೆಂಗರ್ ಮರುಭೂಮಿಯ ಆಗ್ನೇಯ ಅಂಚಿನಲ್ಲಿ, ವರ್ಷಕ್ಕೆ 200 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ದಿಬ್ಬಗಳ ನಡುವೆ 1958ರಲ್ಲಿ ಬಾವೊಟೊ–ಲಾಂಜೊ ರೈಲುಮಾರ್ಗ ತೆರೆಯಿತು. ಅದರ ಹಳಿಗಳನ್ನು ಕಾದದ್ದು ಗೋಧಿಹುಲ್ಲು. ಮರಳ ಮೇಲೆ ಗೆರೆ ಎಳೆದು, ಹುಲ್ಲನ್ನು ಅದಕ್ಕೆ ಅಡ್ಡಲಾಗಿ ಹಾಸಿ, ಸನಿಕೆಯ ಮೊಂಡು ಅಂಚನ್ನು ನಡುಮಧ್ಯಕ್ಕಿಟ್ಟು ಒತ್ತಿದರೆ ಹುಲ್ಲು ಮಡಚಿಕೊಂಡು ಒಳಗಿಳಿಯುತ್ತದೆ, ಎರಡೂ ತುದಿಗಳು ನೆಟ್ಟಗೆ ನಿಲ್ಲುತ್ತವೆ. ಬುಡಕ್ಕೆ ಮರಳೆಳೆದು ತುಳಿದರೆ ಗೇಣೆತ್ತರದ ಬೇಲಿ ಸಿದ್ಧ. ಹೀಗೆ ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಮೀಟರಿನ ಚೌಕಗಳು. ಗಾಳಿಯು ಚೌಕದ ನಡುವಿನ ಮರಳನ್ನು ಸ್ವಲ್ಪ ಕೊರೆದು ಅಂಚಿಗೆ ಒಟ್ಟುತ್ತದೆ. ತಟ್ಟೆಯಂಥ ತಗ್ಗು ಮೂಡಿದ ಮೇಲೆ ಅಲ್ಲಿಂದ ಮುಂದಕ್ಕೆ ಹೆಚ್ಚು ಕೊರೆಯಲಾರದು.

ಹುಲ್ಲು ನಾಲ್ಕೈದು ವರ್ಷಗಳಲ್ಲಿ ಕೊಳೆಯುತ್ತದೆ. ಅಷ್ಟರೊಳಗೆ ಚೌಕಗಳಲ್ಲಿ ನೆಟ್ಟ ಕ್ಯಾರಗಾನ, ನಮ್ಮ ದವನದ ಬಳಗಕ್ಕೇ ಸೇರಿದ ಆರ್ಟೆಮಿಸಿಯದಂಥ ಪೊದೆಗಳು ಬೇರೂರಬೇಕು. ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಪೊದೆಗಳಲ್ಲ, ಅವುಗಳ ನಡುವೆ ತಾನಾಗಿಯೇ ಮೂಡುವ ಕಪ್ಪನೆಯ ಹೊರಪದರ. ಗಾಳಿ ತಂದು ಬಿಟ್ಟ ನುಣುಪು ಧೂಳಿನಲ್ಲಿ ಸಯನೋಬ್ಯಾಕ್ಟೀರಿಯಗಳೆಂಬ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ನೂಲಿನಂತೆ ಹಬ್ಬಿ, ಅಂಟು ಸೂಸಿ, ಕಣಗಳನ್ನು ಹೊಲಿಯುತ್ತವೆ. ಕ್ರಮೇಣ ಕಲ್ಲುಹೂವು, ಹಾವಸೆಗಳು ಸೇರಿಕೊಳ್ಳುತ್ತವೆ. ಈ ಪದರ ಸಣ್ಣ ಮಳೆಯ ನೀರನ್ನು ಮೇಲೆಯೇ ಹಿಡಿದಿಡುವುದರಿಂದ ಆಳಕ್ಕೆ ಬೇರು ಬಿಟ್ಟ ಪೊದೆಗಳು ದಶಕಗಳಲ್ಲಿ ವಿರಳವಾಗಿ, ಮೇಲ್ಬೇರಿನ ಹುಲ್ಲು–ಗಿಡಗಳು ಹೆಚ್ಚುತ್ತವೆ. ಅದನ್ನು ಸೋಲೆಂದು ತಿಳಿಯುವುದು ತಪ್ಪು. ನೆಲ ತನಗೆ ದಕ್ಕುವ ನೀರಿಗೆ ತಕ್ಕಂತೆ ಹೊಂದಿಕೊಳ್ಳುತ್ತಿದೆ. ಎಷ್ಟು ಸಸಿ ನೆಟ್ಟೆವೆಂದು ಎಣಿಸುವವರು ಈ ಪದರದತ್ತಲೂ ಬಗ್ಗಿ ನೋಡಬೇಕು. ಜೀಪಿನ ಚಕ್ರವೋ ಕುರಿಮಂದೆಯ ಗೊರಸೋ ಅದನ್ನು ಒಡೆದರೆ ಅಡಿಯ ಮರಳು ಮತ್ತೆ ಸಡಿಲಾಗುತ್ತದೆ. ಒಡೆದದ್ದು ಪೂರ್ತಿ ಕೂಡಿಕೊಳ್ಳಲು ದಶಕಗಳೇ ಹಿಡಿಯಬಹುದು.