ಔಷಧಿ ಕರಗಿದರೆ ಸಾಲದು, ಕರಗಿಯೇ ಇರಬೇಕು

ಬಳ್ಳಾರಿಯ ಬಿಸಿಲಿಗೂ ಹುಳುಕಡ್ಡಿಗೂ ಹಳೆಯ ನಂಟು. ಬೆವರು, ಬಿಗಿ ಪ್ಯಾಂಟು, ಇಡೀ ದಿನ ಕೂತೇ ಮಾಡುವ ಕೆಲಸ. ಶಿಲೀಂಧ್ರಕ್ಕೆ ಇಷ್ಟು ಸಾಕು. ಚರ್ಮದ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಇಟ್ರಾಕೊನಜೋಲ್ ಅನ್ನುವ ಹೆಸರು ಆಗಾಗ ಕಾಣುತ್ತದೆ. ಆ ಕ್ಯಾಪ್ಸೂಲನ್ನು ಬಿಚ್ಚಿದರೆ ಒಳಗೆ ಪುಡಿ ಇರುವುದಿಲ್ಲ, ಸಣ್ಣ ಸಣ್ಣ ಗುಂಡುಗಳಿರುತ್ತವೆ. "ಮೇಡಂ, ಇದು ಡೂಪ್ಲಿಕೇಟ್ ಏನ್ರೀ?" ಅಂತ ಎಂ.ಎಸ್ಸಿ. ಓದುವ ಹುಡುಗರೇ ಕೇಳುತ್ತಾರೆ. ಅಲ್ಲ. ಗುಂಡಿನ ಒಳಗಿರುವುದು ಸಕ್ಕರೆ. ಅದರ ಮೇಲೆ ಔಷಧಿಯನ್ನೂ ಒಂದು ಪಾಲಿಮರನ್ನೂ (ಸರಪಳಿಯಂಥ ಉದ್ದ ಅಣುಗಳ ವಸ್ತು) ಸೇರಿಸಿ ತೆಳುವಾಗಿ ಸಿಂಪಡಿಸಿರುತ್ತಾರೆ.

ಇಷ್ಟೆಲ್ಲ ಸರ್ಕಸ್ ಯಾಕೆ? ಇಟ್ರಾಕೊನಜೋಲ್ ಬರೀ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಒಂದು ಲೀಟರಿಗೆ ಸುಮಾರು ಒಂದು ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ 100 ಮಿಲಿಗ್ರಾಂ ಔಷಧಿ ಕರಗಲು ಒಂದು ಲಕ್ಷ ಲೀಟರ್ ನೀರು ಬೇಕು. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಇಪ್ಪತ್ತು! ಹೊಟ್ಟೆಯ ಆಮ್ಲದಲ್ಲಿ ಇದು ಸ್ವಲ್ಪ ಜಾಸ್ತಿ ಕರಗುತ್ತದೆ, ಅದೇ ನಮ್ಮ ಪುಣ್ಯ. ಅದಕ್ಕೇ ಈ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಉಂಡ ತಕ್ಷಣ ತೆಗೆದುಕೊಳ್ಳಲು ಹೇಳುತ್ತಾರೆ. ಹೊಟ್ಟೆಯಲ್ಲಿ ಆಮ್ಲ ಕಡಿಮೆ ಇರುವವರಿಗೆ ಕೋಲಾ ಜೊತೆ ಕೊಡುವುದೂ ಉಂಟು. ನಮ್ಮ ಕಡೆ ಏನಾಗುತ್ತದೆ? ಬೆಳಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ ಮಾತ್ರೆ ನುಂಗಿ, ಆಮೇಲೆ ಇದನ್ನು ನುಂಗುತ್ತಾರೆ. ಗ್ಯಾಸ್ ಮಾತ್ರೆ ಆಮ್ಲವನ್ನೇ ಇಳಿಸಿಬಿಡುತ್ತದೆ, ಇಟ್ರಾಕೊನಜೋಲ್ ಸರಿಯಾಗಿ ಕರಗದೆ ಹೊರಗೆ ಹೋಗುತ್ತದೆ. ಆಮೇಲೆ "ಎಷ್ಟು ತಿಂಗಳು ತಿಂದರೂ ಹೋಗ್ಲಿಲ್ಲ" ಅನ್ನುವ ದೂರು. ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಕರಗದ ಔಷಧಿಯನ್ನು ಕರುಳು ಹೀರಿಕೊಳ್ಳುವುದಿಲ್ಲ. ಅಮೆರಿಕದ ಗೋರ್ಡನ್ ಅಮಿಡಾನ್ ಮತ್ತು ಜೊತೆಗಾರರು 1995ರಲ್ಲಿ ಔಷಧಿಗಳನ್ನು ನಾಲ್ಕು ಗುಂಪು ಮಾಡಿದರು: ಕರಗುತ್ತದೆಯೇ, ಕರುಳಿನ ಗೋಡೆ ದಾಟುತ್ತದೆಯೇ ಎಂಬ ಎರಡೇ ಪ್ರಶ್ನೆಗಳ ಮೇಲೆ. ಅತಿ ಹೆಚ್ಚಿನ ಡೋಸು 250 ಮಿಲಿಲೀಟರ್ ನೀರಿನಲ್ಲಿ, ಅಂದರೆ ಒಂದು ದೊಡ್ಡ ಲೋಟದಲ್ಲಿ, ಪೂರ್ತಿ ಕರಗಿದರೆ ಪಾಸು. ಇಟ್ರಾಕೊನಜೋಲ್ ಎರಡನೇ ಗುಂಪಿನದು. ಗೋಡೆ ದಾಟುತ್ತದೆ, ಕರಗುವುದಿಲ್ಲ. ನಾನು ಕೆಲಸ ಮಾಡುವುದು ಈ ಎರಡನೇ ಗುಂಪಿನ ಮೇಲೆ.

ಔಷಧಿ ಎಷ್ಟು ಕರಗುತ್ತದೆ ಅನ್ನುವುದು ಅಣುವಿನಿಂದಷ್ಟೇ ತೀರ್ಮಾನವಾಗುವುದಿಲ್ಲ. ಹರಳಿನೊಳಗೆ ಆ ಅಣುಗಳು ಹೇಗೆ ಜೋಡಿಸಿಕೊಂಡಿವೆ ಅನ್ನುವುದೂ ಮುಖ್ಯ. ಏಡ್ಸ್ ಔಷಧಿ ರಿಟೊನಾವಿರ್ ಇದಕ್ಕೆ ದುಬಾರಿ ಸಾಕ್ಷಿ. ಅಬಾಟ್ ಕಂಪನಿ ಅದನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು. 1998ರಲ್ಲಿ ಅದೇ ಅಣು ಇದ್ದಕ್ಕಿದ್ದಂತೆ ಬೇರೆ ಜೋಡಣೆಯ ಹರಳಾಗಿ ಕಾಣಿಸಿಕೊಂಡಿತು. ಹೊಸ ಹರಳು ಹಳೆಯದಕ್ಕಿಂತ ಗಟ್ಟಿ, ತುಂಬ ಕಡಿಮೆ ಕರಗುವಂಥದ್ದು. ಕ್ಯಾಪ್ಸೂಲನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅಣುವಿನಲ್ಲಿ ಒಂದು ಪರಮಾಣುವೂ ಬದಲಾಗಿರಲಿಲ್ಲ.

ಜೋಡಣೆ ತಾನಾಗಿ ಬದಲಾಗಿ ಕೆಡಿಸುತ್ತದೆ ಅಂದರೆ, ನಾವೇ ಬದಲಿಸಿ ಒಳ್ಳೆಯದು ಮಾಡಬಹುದಲ್ವಾ? ಕೋಕ್ರಿಸ್ಟಲ್, ಅಂದರೆ ಜೋಡಿಹರಳು, ಈ ಆಸೆಯ ಕೂಸು. ಔಷಧಿಯ ಅಣುವಿನ ಜೊತೆ ಇನ್ನೊಂದು ನಿರುಪದ್ರವಿ ಅಣುವನ್ನು ಒಂದೇ ಹರಳಿನಲ್ಲಿ, ಗೊತ್ತಾದ ಪ್ರಮಾಣದಲ್ಲಿ ಕೂರಿಸುವುದು. ಇಬ್ಬರ ನಡುವೆ ರಾಸಾಯನಿಕ ಕ್ರಿಯೆ ನಡೆಯುವುದಿಲ್ಲ, ಹೆಚ್ಚಾಗಿ ಹೈಡ್ರೋಜನ್ ಬಂಧಗಳಷ್ಟೇ ಹಿಡಿದಿಡುತ್ತವೆ. ಇಂಥ ಹರಳನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ 1844ರಷ್ಟು ಹಿಂದೆಯೇ ಮಾಡಿದ್ದ. ಯಾವ ಅಣು ಯಾವುದರ ಕೈ ಹಿಡಿಯುತ್ತದೆ ಎಂದು ಮುಂಚೆಯೇ ಊಹಿಸುವ ವಿದ್ಯೆ ಬೆಳೆದದ್ದು ಮಾತ್ರ ಬಹಳ ತಡವಾಗಿ. ಅದರಲ್ಲಿ ರಸಾಯನಶಾಸ್ತ್ರಜ್ಞ ಗೌತಮ್ ದೇಸಿರಾಜು ಅವರ ಹೆಸರು ದೊಡ್ಡದು. ಮೊದಲು ಹೈದರಾಬಾದ್, ಆಮೇಲೆ ಬೆಂಗಳೂರಿನ ಐಐಎಸ್‌ಸಿ. ಎರಡೂ ನಮ್ಮಿಂದ ಒಂದು ರಾತ್ರಿಯ ದಾರಿ.

2003ರಲ್ಲಿ ಅಮೆರಿಕದ ಒಂದು ತಂಡ ಇಟ್ರಾಕೊನಜೋಲನ್ನೇ ಹಿಡಿದು ಹಲವು ಹುಳಿಗಳ ಜೊತೆ ಜೋಡಿಸಿತು. ಟಾರ್ಟಾರಿಕ್ ಆಮ್ಲ ಕೂತಿತು. ಹುಣಸೆಹಣ್ಣಿನಲ್ಲಿ ಇರುವುದು ಅದೇ. ಮ್ಯಾಲಿಕ್ ಆಮ್ಲವೂ ಕೂತಿತು. ಹಿಂಗಾರಿ ಕಡಲೆ ಹೊಲದಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ ಹಿಂಡಿಕೊಳ್ಳುವ ಕಡಲೆ ಹುಳಿಯಲ್ಲಿ ಮುಖ್ಯವಾಗಿ ಇರುವುದು ಇದು. ಫ್ಯುಮಾರಿಕ್ ಆಮ್ಲ ಕೂತಿತು, ಅದರ ಅವಳಿಯಂಥ ಮ್ಯಾಲೆಯಿಕ್ ಆಮ್ಲ ಕೂರಲಿಲ್ಲ. ಎರಡರಲ್ಲೂ ಅಷ್ಟೇ ಪರಮಾಣುಗಳು, ಆದರೆ ಒಂದು ಚಾಚಿಕೊಂಡಿದೆ, ಇನ್ನೊಂದು ಮಡಚಿಕೊಂಡಿದೆ. ಎರಡು ಇಟ್ರಾಕೊನಜೋಲ್ ಅಣುಗಳ ನಡುವಿನ ಜಾಗಕ್ಕೆ ಚಾಚಿಕೊಂಡದ್ದು ಮಾತ್ರ ಹಿಡಿಸುತ್ತದೆ. ಆಮ್ಲ ಎಷ್ಟು ಪ್ರಬಲ ಅನ್ನುವುದಕ್ಕಿಂತ ಅದರ ಉದ್ದ, ಆಕಾರ ಮುಖ್ಯವಾಯಿತು. ಈ ಜೋಡಿಹರಳುಗಳು ಬರೀ ಇಟ್ರಾಕೊನಜೋಲ್ ಹರಳಿಗಿಂತ 4ರಿಂದ 20 ಪಟ್ಟು ಹೆಚ್ಚು ಔಷಧಿಯನ್ನು ದ್ರಾವಣಕ್ಕೆ ತಂದವು. ಆದರೂ ಇಷ್ಟು ವರ್ಷ ಕಳೆದರೂ ಅಂಗಡಿಗೆ ಬಂದದ್ದು ಅವಲ್ಲ. ಸಕ್ಕರೆ ಗುಂಡಿನ ಮೇಲೆ ಸಿಂಪಡಿಸುವ ಪಾಲಿಮರ್ ದಾರಿ ಮೊದಲೇ ಸಿದ್ಧವಿತ್ತು, ಕಾರ್ಖಾನೆಗೆ ಅದೇ ಸಲೀಸು.

ಇನ್ನು ಪ್ರಯೋಗಾಲಯದ ಮಾತು. ಜೋಡಿಹರಳು ಮಾಡುವುದು ನೋಡಲು ಬಲು ಸಾದಾ. ಎರಡು ಪುಡಿಗಳನ್ನು ಅಗೇಟ್ ಕಲ್ಲಿನ ಕುಟ್ಟಾಣಿಗೆ ಹಾಕಿ, ಒಂದೆರಡು ಹನಿ ಎಥನಾಲ್ ಬಿಟ್ಟು ಅರೆಯುವುದು. ಎಷ್ಟೋ ಜೋಡಿಗಳು ಅಷ್ಟಕ್ಕೇ ಕೂಡಿಬಿಡುತ್ತವೆ. ಕೂಡಿದ್ದು ನಿಜವೇ ಅಂತ ಎಕ್ಸ್-ರೇ ಹೇಳಬೇಕು. ಪುಡಿಯಿಂದ ಸುಳಿವು ಸಿಗುತ್ತದೆ, ಪೂರ್ತಿ ಚಿತ್ರಕ್ಕೆ ಒಂದು ಒಳ್ಳೆಯ ಒಂಟಿ ಹರಳು ಬೇಕು. ಅದು ದ್ರಾವಣ ನಿಧಾನವಾಗಿ ಆರಿದರೆ ಬೆಳೆಯುವಂಥದ್ದು. ಮೇ ತಿಂಗಳಲ್ಲಿ ಇಲ್ಲಿ ಮೆಥನಾಲ್ ಆರುವ ವೇಗಕ್ಕೆ ಹರಳಲ್ಲ, ಹಿಟ್ಟು ಬೀಳುತ್ತದೆ. ಶೀಶೆಯ ಬಾಯಿಗೆ ಹಾಳೆ ಬಿಗಿದು ಸೂಜಿಯಿಂದ ತೂತು ಮಾಡಿ ಫ್ರಿಜ್ಜಿನಲ್ಲಿಟ್ಟರೂ ಕರೆಂಟು ಹೋಗಿ ಬಂದು ಕೆಲಸ ಕೆಡಿಸುತ್ತದೆ. ಹಾಗಾಗಿ ನಮ್ಮಲ್ಲಿ ಹರಳಿನ ಸುಗ್ಗಿ ಅಂದರೆ ನವೆಂಬರ್‌ನಿಂದ ಜನವರಿ. ಒಳ್ಳೆಯದೊಂದು ಸಿಕ್ಕರೆ ಅದರದೇ ದ್ರಾವಣದಲ್ಲಿ ಮುಳುಗಿಸಿ, ವಿದ್ಯಾರ್ಥಿಯ ಕೈಯಲ್ಲಿ ಕೊಟ್ಟು, ಎಕ್ಸ್-ರೇ ತೆಗೆಸಲು ಬೆಂಗಳೂರಿನ ಹಂಪಿ ಎಕ್ಸ್‌ಪ್ರೆಸ್ ಹತ್ತಿಸುತ್ತೇವೆ.

ಆಮೇಲೆ ಕರಗಿಸುವ ಪರೀಕ್ಷೆ. 37 ಡಿಗ್ರಿಯ 900 ಮಿಲಿಲೀಟರ್ ದ್ರವ, ಒಂದೇ ವೇಗದಲ್ಲಿ ತಿರುಗುವ ಪ್ಯಾಡಲ್, ಆಗಾಗ ಸ್ವಲ್ಪ ತೆಗೆದು ಅಳೆಯುವುದು. ಹತ್ತು ನಿಮಿಷದಲ್ಲಿ ಗೆರೆ ಸರ್ರನೆ ಏರಿದಾಗ ವಿದ್ಯಾರ್ಥಿಗಳು ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ. ನಾನು ಮಧ್ಯಾಹ್ನದವರೆಗೂ ಕಾಯಿರಿ ಅನ್ನುತ್ತೇನೆ. ಜೋಡಿಹರಳು ಒಡೆದು ಔಷಧಿ ಒಮ್ಮೆಗೇ ಹೊರಬಂದಾಗ, ನೀರು ಹಿಡಿಯಬಲ್ಲದ್ದಕ್ಕಿಂತ ಹೆಚ್ಚು ಔಷಧಿ ನೀರಿನಲ್ಲಿರುತ್ತದೆ. ಆ ಹೆಚ್ಚುವರಿ ಹಾಗೇ ನಿಲ್ಲದೆ ಮತ್ತೆ ಹರಳಾಗಿ ತಳಕ್ಕೆ ಇಳಿಯುತ್ತದೆ. ನಮ್ಮ ಕ್ಷೇತ್ರದಲ್ಲಿ ಏರುವುದಕ್ಕೆ ಸ್ಪ್ರಿಂಗ್, ಇಳಿಯುವುದನ್ನು ತಡೆಯುವುದಕ್ಕೆ ಪ್ಯಾರಾಚೂಟ್ ಅನ್ನುತ್ತಾರೆ. ಸ್ಪ್ರಿಂಗ್ ಬಹಳ ಹರಳುಗಳಿಗಿದೆ, ಪ್ಯಾರಾಚೂಟ್ ಕೆಲವಕ್ಕೆ ಮಾತ್ರ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ನೋಡಿ. ಅದರ ನಿಕೋಟಿನಮೈಡ್ (ಬಿ ಗುಂಪಿನ ಒಂದು ವಿಟಮಿನ್) ಜೋಡಿಹರಳು ನೀರಿಗೆ ಬಿದ್ದರೆ ಜೋಡಿ ಮುರಿದು, ಔಷಧಿ ನೀರಿನ ಅಣುಗಳನ್ನೇ ಕಟ್ಟಿಕೊಂಡು ಇನ್ನೂ ಕಡಿಮೆ ಕರಗುವ ಹರಳಾಗುತ್ತದೆ. (ಅಂದಹಾಗೆ, ಈ ಮಾತ್ರೆಯನ್ನು ಬಚ್ಚಲಮನೆಯ ಗೂಡಿನಲ್ಲಿ ಇಡಬೇಡಿ. ತೇವಕ್ಕೆ ಸಿಕ್ಕರೆ ಅದರ ಶಕ್ತಿ ಮೂರನೇ ಒಂದು ಭಾಗದಷ್ಟು ಕುಗ್ಗಬಹುದು.) ಹಾಗಾಗಿ ಪ್ರಬಂಧಗಳಲ್ಲಿ "ಇಷ್ಟು ಪಟ್ಟು" ಎಂಬ ಅಂಕಿ ಕಂಡರೆ ನಾನು ಮೊದಲು ಕೇಳುವುದು: ಎಷ್ಟು ಹೊತ್ತಿನವರೆಗೆ? ಯಾವ ದ್ರವದಲ್ಲಿ?

ಎರಡನೇ ಪ್ರಶ್ನೆಯೂ ಸುಮ್ನೆ ಕೇಳಿದ್ದಲ್ಲ. ಅರಿಶಿನದ ಕರ್ಕ್ಯುಮಿನ್ ಮೇಲೆ ಹೈದರಾಬಾದಿನ ತಂಡ 2011ರಲ್ಲಿ ಚೆಂದದ ಕೆಲಸ ಮಾಡಿತು. ರೆಸಾರ್ಸಿನಾಲ್ ಜೊತೆ 5 ಪಟ್ಟು, ಪೈರೊಗ್ಯಾಲಾಲ್ ಜೊತೆ 12 ಪಟ್ಟು ಬೇಗ ಕರಗಿತು. ಆದರೆ ಕರಗಿಸಿದ್ದು 40 ಶೇಕಡಾ ಆಲ್ಕೋಹಾಲ್ ಬೆರೆತ ನೀರಿನಲ್ಲಿ. ಪೈರೊಗ್ಯಾಲಾಲ್ ತಿನ್ನುವ ವಸ್ತುವೂ ಅಲ್ಲ, ವಿಷ. ಹರಳುಗಳ ಸ್ವಭಾವ ಕಲಿಯಲು ಅದು ಒಳ್ಳೆಯ ಪಾಠ, ಅರಿಶಿನದ ಮಾತ್ರೆ ಮಾರುವವರು ಜಾಹೀರಾತಿಗೆ ಎತ್ತಿಕೊಳ್ಳುವಂಥದ್ದಲ್ಲ. ನಮ್ಮಲ್ಲಿ ಜೊತೆಗಾರ ಅಣುವನ್ನು ಆರಿಸುವಾಗ ಮೊದಲು ನೋಡುವುದು ಅದನ್ನು ತಿನ್ನಬಹುದೇ ಅಂತ. ಹುಣಸೆಯ ಹುಳಿ, ನಿಂಬೆಯ ಹುಳಿ, ಸ್ಯಾಕರಿನ್, ನಿಕೋಟಿನಮೈಡ್. ಪಟ್ಟಿ ಚಿಕ್ಕದು, ಆದರೆ ನೆಮ್ಮದಿಯದು.

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಜೋಡಿಹರಳನ್ನು ಅದೇ ಔಷಧಿಯ ಇನ್ನೊಂದು ಹರಳುರೂಪದಂತೆ ಪರಿಗಣಿಸುವುದಾಗಿ ಹೇಳಿತು. ಕಂಪನಿಗಳ ದಾರಿ ಸ್ವಲ್ಪ ಸುಲಭವಾಯಿತು. 2021ರಲ್ಲಿ ಸೆಲೆಕಾಕ್ಸಿಬ್ ಮತ್ತು ಟ್ರಮಡಾಲ್ ಎಂಬ ಎರಡು ನೋವಿನ ಔಷಧಿಗಳನ್ನು ಒಂದೇ ಹರಳಿನಲ್ಲಿ ಕೂರಿಸಿದ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಅಷ್ಟು ದೂರವೇಕೆ, ನಿಮ್ಮ ಮನೆಯಲ್ಲೇ ಒಂದು ಇರಬಹುದು. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿದ್ದರೆ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ ಓದಿ. ಎಷ್ಟೋ ಸ್ಟ್ರಿಪ್ಪುಗಳ ಮೇಲೆ "ಪ್ರೊಪೇನ್‌ಡಯಾಲ್ ಮಾನೊಹೈಡ್ರೇಟ್" ಅಂತ ಇರುತ್ತದೆ. ಒಂದು ಔಷಧಿಯ ಅಣು, ಒಂದು ಪ್ರೊಪೇನ್‌ಡಯಾಲ್, ಒಂದು ನೀರು ಸೇರಿದ ಹರಳು ಅದು. ಕೆಲವರು ಇದನ್ನು ಸಾಲ್ವೇಟ್, ಅಂದರೆ ದ್ರಾವಕ ಸೇರಿದ ಹರಳು, ಅನ್ನುತ್ತಾರೆ, ನಾವು ಜೋಡಿಹರಳಿನ ಪಟ್ಟಿಗೇ ಸೇರಿಸುತ್ತೇವೆ. ಈ ಔಷಧಿಗೆ ಕರಗುವ ತೊಂದರೆಯೇನೂ ಇಲ್ಲ, ತಾನೊಂದೇ ಒಳ್ಳೆಯ ಹರಳಾಗಿ ನಿಲ್ಲುವುದೇ ಅದಕ್ಕೆ ಕಷ್ಟ. ಇಂಥ ಹರಳು 12.3 ಮಿಲಿಗ್ರಾಂ ಹಾಕಿದರೆ ನಿಜವಾದ ಔಷಧಿ 10 ಮಿಲಿಗ್ರಾಂ. ಉಳಿದ 2.3ರಲ್ಲಿ ಸುಮಾರು 1.9 ಪ್ರೊಪೇನ್‌ಡಯಾಲ್, ಮಿಕ್ಕಿದ್ದು ನೀರು.