ಬಲೂನು ನಿಧಾನವಾಗಿ ಬೀಳುತ್ತದೆ

ಒಂದು ಮೀಟರ್ ಎತ್ತರದಿಂದ ಕೈಬಿಟ್ಟ ಚೆಂಡು ನೆಲ ಮುಟ್ಟೋಕೆ ಅರ್ಧ ಸೆಕೆಂಡೂ ಬೇಕಿಲ್ಲ. ಅಷ್ಟರೊಳಗೆ ಒಂದು ಮಗು ಅದನ್ನು ಹಿಡಿಯಬೇಕು ಅಂದ್ರೆ ಎಷ್ಟೊಂದು ಕೆಲಸ ಆಗಬೇಕು ನೋಡಿ. ಕಣ್ಣು ಚೆಂಡನ್ನು ಗುರುತಿಸಬೇಕು. ಅದು ಎಲ್ಲಿಗೆ ಬರುತ್ತೆ ಅಂತ ಮೆದುಳು ಅಂದಾಜು ಹಾಕಬೇಕು. ಕೈ ಅಲ್ಲಿಗೆ ಹೋಗಬೇಕು, ಸರಿಯಾದ ಹೊತ್ತಿಗೆ ಬೆರಳು ಮಡಚಿಕೊಳ್ಳಬೇಕು. ಇದರಲ್ಲಿ ಒಂದೇ ಒಂದು ಸ್ವಲ್ಪ ತಡವಾದರೂ ಚೆಂಡು ಎದೆಗೆ ಬಡಿದು ಕೆಳಗೆ ಬೀಳುತ್ತದೆ. ಪಕ್ಕದಲ್ಲಿ ಯಾರೋ ನಗುತ್ತಾರೆ.

ಅದೇ ಮಗುವಿಗೆ ಒಂದು ಬಲೂನು ಎಸೆಯಿರಿ. ಬಲೂನಿಗೆ ತೂಕ ಕಡಿಮೆ, ಮೈ ದೊಡ್ಡದು. ಗಾಳಿ ಅದನ್ನು ತಡೆಯುತ್ತದೆ. ಓಲಾಡುತ್ತಾ ನಿಧಾನಕ್ಕೆ ಇಳಿಯುತ್ತದೆ. ಒಮ್ಮೆ ಕೈತಪ್ಪಿದರೂ ಇನ್ನೊಮ್ಮೆ ಕೈಚಾಚೋಕೆ ಹೊತ್ತಿದೆ. ಮಗು ಹಿಡಿಯುತ್ತದೆ! ಕೈ ಅದೇ, ಕಣ್ಣು ಅದೇ, ಸಿಕ್ಕ ಸಮಯ ಮಾತ್ರ ಜಾಸ್ತಿ. ಕೆಲವು ವಾರ ಬಿಟ್ಟು ಬಲೂನಿನ ಜಾಗಕ್ಕೆ ಹಗುರವಾದ ದೊಡ್ಡ ಚೆಂಡು, ಆಮೇಲೆ ಸ್ಪಂಜಿನ ಚೆಂಡು ತರಬಹುದು.

ವಿಶೇಷ ಅಗತ್ಯವುಳ್ಳ ಮಕ್ಕಳ ಆಟದ ಪೀರಿಯಡ್ಡಿನ ವಿಷಯ ಬಂದಾಗಲೆಲ್ಲ ನನಗೆ ಈ ಬಲೂನೇ ನೆನಪಾಗುತ್ತದೆ. ಚೆಂಡಿನ ಗಾತ್ರ, ಅಂಗಳದ ಅಗಲ, ತಂಡದಲ್ಲಿ ಎಷ್ಟು ಜನ, ಎಷ್ಟು ಸಲ ಪುಟಿಯಬಹುದು, ಇವೆಲ್ಲ ಯಾರೋ ಮನುಷ್ಯರೇ ಮಾಡಿಕೊಂಡ ನಿಯಮಗಳು. ಮಗುವಿಗೆ ತಕ್ಕಂತೆ ಅವನ್ನು ಬದಲಿಸಿದರೆ ಆಟಕ್ಕೆ ಏನೂ ನಷ್ಟ ಇಲ್ಲ. ಆದರೆ ಎಷ್ಟೋ ಕಡೆ ನಡೆಯೋದು ಸುಲಭದ ದಾರಿ: 'ನೀನು ಇಲ್ಲೇ ಕೂತು ಸ್ಕೋರ್ ಬರಿ.' ಹೇಳುವವರ ಮನಸ್ಸಿನಲ್ಲಿ ಕಾಳಜಿ ಇರುತ್ತೆ, ಒಪ್ಪುತ್ತೇನೆ. ಆದರೂ ಇದು ಮಗುವಿಗೆ ಮಾಡುವ ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಸುವ ಚಟುವಟಿಕೆ ಬೇಕು ಅಂತ ಇದೆ. ಅಂಗವೈಕಲ್ಯ ಇರುವ ಮಕ್ಕಳಿಗೂ ಅದೇ 60 ನಿಮಿಷ.

ಕಣ್ಣಿಗೆ ಕಾಣದ ತೊಂದರೆಯೂ ಇದೆ. ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಚಲನೆಗಳನ್ನು ಹೊಂದಿಸಿಕೊಳ್ಳುವ ಬೆಳವಣಿಗೆಯೇ ನಿಧಾನ. ನೋಡೋಕೆ ಎಲ್ಲರಂತೆಯೇ ಇರುತ್ತಾರೆ. ಶೂ ಲೇಸ್ ಕಟ್ಟೋದು, ಸೈಕಲ್ ಹೊಡೆಯೋದು, ಚೆಂಡು ಹಿಡಿಯೋದು ಮಾತ್ರ ಕಷ್ಟ. ಸೋಮಾರಿ ಅನ್ನೋ ಬಿರುದು ಬಲು ಬೇಗ ಸಿಗುತ್ತದೆ. ಬೈಸಿಕೊಂಡ ಮಗು ಆಟದಿಂದ ದೂರ ಹೋಗುತ್ತದೆ, ಆಡದೆ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿ ಇನ್ನಷ್ಟು ಹಿಂದೆ ಬೀಳುತ್ತದೆ.

ಸೆರೆಬ್ರಲ್ ಪಾಲ್ಸಿ ಅಂದ್ರೆ ಎಳೆಯ ಮೆದುಳಿಗಾದ ಹಾನಿಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಇದು ಇರುವ ಹಲವು ಮಕ್ಕಳ ಸ್ನಾಯುಗಳು ಬಿಗಿಯಾಗಿರುತ್ತವೆ. ಭಾರ ಎತ್ತಿಸಿದರೆ ಈ ಬಿಗಿತ ಇನ್ನೂ ಹೆಚ್ಚುತ್ತೆ ಅಂತ ಹಿಂದೆ ವೈದ್ಯರೇ ಹೆದರುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಹಾಗಾಗಲಿಲ್ಲ. ಬಿಗಿಯಾದ ಸ್ನಾಯು ಗಟ್ಟಿ ಸ್ನಾಯುವೇನಲ್ಲ. ಅದು ಬಲಹೀನವೂ ಆಗಿರುತ್ತದೆ, ವ್ಯಾಯಾಮದಿಂದ ಬಲವಾಗುತ್ತದೆ. ಇನ್ನೊಂದು ಮಾತು. ಈ ಮಕ್ಕಳಿಗೆ ಸುಮ್ನೆ ನಡೆಯೋಕೇ ಬೇರೆಯವರಿಗಿಂತ ಜಾಸ್ತಿ ಶಕ್ತಿ ಬೇಕು. ಮೈದಾನಕ್ಕೆ ಬರುವಷ್ಟರಲ್ಲೇ ಮಗು ದಣಿದಿದ್ದರೆ ಅದು ನೆಪ ಅಲ್ಲ, ನಿಜವಾದ ಸುಸ್ತು.

ಎಚ್ಚರ ಬೇಕಾದ ಕಡೆ ಎಚ್ಚರವೂ ಬೇಕು. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿಗೆ ಇರುವ ಸ್ಥಿತಿ) ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರುತ್ತದೆ. ವೈದ್ಯರು ನೋಡಿ ಹೇಳುವ ತನಕ ಲಾಗ ಹಾಕಿಸಬಾರದು, ತಲೆಕೆಳಗಾಗಿ ನೀರಿಗೆ ಧುಮುಕಿಸಬಾರದು. ಡೌನ್ ಸಿಂಡ್ರೋಮ್ ಇರುವ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಅದನ್ನೂ ಕೇಳಿಕೊಳ್ಳಬೇಕು. ಹೀಗೆ ತಿಳಿದುಕೊಂಡರೆ ನಡಿಗೆ, ಕುಣಿತ, ಎಸೆಯುವ ಆಟ ಹೀಗೆ ಎಷ್ಟೋ ಬಾಗಿಲು ತೆರೆದೇ ಇರುತ್ತವೆ.

ಆಟಿಸಂ (ಸದ್ದು, ಬೆಳಕು, ಜನರ ಒಡನಾಟವನ್ನು ಮೆದುಳು ಬೇರೆ ರೀತಿ ಗ್ರಹಿಸುವ ಸ್ಥಿತಿ) ಇರುವ ಮಗುವಿಗೆ ಕೆಲವೊಮ್ಮೆ ಆಟಕ್ಕಿಂತ ಮೇಷ್ಟ್ರ ಸೀಟಿಯೇ ಕಷ್ಟ. ಒಳಾಂಗಣದಲ್ಲಿ ಆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ, ಮಗು ಕಿವಿ ಮುಚ್ಚಿಕೊಳ್ಳುತ್ತೆ. ಸೀಟಿ ಬದಲು ಕೈ ಎತ್ತಬಹುದು. ಮೊದಲು ಏನು, ಆಮೇಲೆ ಏನು, ಮುಗಿಯೋದು ಯಾವಾಗ ಅಂತ ನಾಲ್ಕು ಚಿತ್ರ ಅಂಟಿಸಿದರೆ ಅರ್ಧ ಆತಂಕ ಇಳಿಯುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಗೋಲ್‌ಬಾಲ್. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ ಇದು. ತಂಡಕ್ಕೆ ಮೂವರು. ಚೆಂಡಿನ ತೂಕ 1.25 ಕಿಲೋ, ಒಳಗೆ ಗಂಟೆಗಳಿವೆ. ಸ್ವಲ್ಪ ಕಾಣುವವರು, ಏನೂ ಕಾಣದವರು ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಲೇಬೇಕು. ಅಂಗಳದ ಗೆರೆಗಳಿಗೆ ಅಂಟಿಸಿದ ಟೇಪಿನ ಕೆಳಗೆ ದಾರ ಓಡಿರುತ್ತದೆ. ಆಟಗಾರ ಬಗ್ಗಿ ಬೆರಳಿನಿಂದ ಆ ಉಬ್ಬು ತಡವುತ್ತಾನೆ, ತಾನು ಎಲ್ಲಿದ್ದೇನೆ, ಎತ್ತ ಮುಖ ಮಾಡಿದ್ದೇನೆ ಅಂತ ತಿಳಿದುಕೊಳ್ಳುತ್ತಾನೆ. ಚೆಂಡು ಉರುಳುವಾಗ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂರುತ್ತಾರೆ. ಗಂಟೆಯ ಸದ್ದು ಬಂದತ್ತ ಮೂವರೂ ಅಡ್ಡಡ್ಡ ಮಲಗಿ ಮೈಯಿಂದ ಗೋಡೆ ಕಟ್ಟುತ್ತಾರೆ.

ಇದನ್ನು ಕಣ್ಣು ಕಾಣುವ ಮಕ್ಕಳಿಗೂ ಪಟ್ಟಿ ಕಟ್ಟಿಸಿ ಆಡಿಸಿ. ಆ ಹೊತ್ತು ತಡವರಿಸೋದು ಅವರು. ದಿನಾ ಕಿವಿಯಿಂದಲೇ ದಾರಿ ಹುಡುಕುವ ಮಗು ತಂಡಕ್ಕೆ ಬೇಕಾದವನಾಗುತ್ತಾನೆ. ಗಂಟೆ ಇರುವ ಚೆಂಡು ಇಲ್ಲವಾ? ಮಾಮೂಲಿ ಚೆಂಡನ್ನೇ ಒಂದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಿಗಿಯಾಗಿ ಗಂಟು ಹಾಕಿ. ಉರುಳಿದಾಗ ಸರಸರ ಅನ್ನುತ್ತೆ. ಅಷ್ಟು ಸದ್ದು ಸಾಕು, ಆಟ ಶುರು ಮಾಡಬಹುದು.